ಕೊನೆಯ ಮಗುವಿನ ಎಡಗೈ

ಇದು ಯಾರೋ ಹೇಳಿದ್ದನ್ನು ಇನ್ಯಾರೋ ಕೇಳಿ ನನಗೆ ದಾಟಿಸಿದ ಕತೆಯಲ್ಲ. ನನ್ನ ಚಿಕ್ಕಪ್ಪನ ಮಗನಿಗೇ ಆದದ್ದು. ಅವನು ಸುಳ್ಳು ಹೇಳುವ ಆಸಾಮಿಯಲ್ಲ ಅಂತ ನಾನು ಆಣೆ ಮಾಡುವ ಹಾಗಿಲ್ಲ. ಒಂದು ಸಲ ಸುಳ್ಳು ಹೇಳಿದ. ಈ ಕತೆ ಇರುವುದೇ ಅಲ್ಲಿ.

ದೀಪ ಇರಲಿ... ಆರಿಸುವುದು ಬೇಡ.

ಅವನದು ಲಿಫ್ಟ್ ರಿಪೇರಿಯ ಕೆಲಸ. ಎಲ್ಲೋ ಯಾರೋ ಎರಡು ಮಹಡಿಯ ನಡುವೆ ಸಿಕ್ಕಿಹಾಕಿಕೊಂಡರೆ ಇವನ ಫೋನ್ ಬಡಿದುಕೊಳ್ಳುತ್ತದೆ. ಊಟದ ತಟ್ಟೆ ಹಾಗೇ ಬಿಟ್ಟು ಎದ್ದು ಹೋಗಬೇಕು. ಹೀಗಾಗಿ ಜಗತ್ತಿನ ಎಲ್ಲರ ಪಾಲಿಗೆ ಹೊತ್ತಿಗೆ ಸರಿಯಾಗಿ ಬರುವವನು ಮನೆಯವರ ಪಾಲಿಗೆ ಮಾತ್ರ ಯಾವತ್ತೂ ತಡ.

ಆ ರಾತ್ರಿ ಸ್ಕೂಟರ್ ಗ್ಯಾರೇಜಿನಲ್ಲಿತ್ತು. ಹೆಂಡತಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಅಂಗಡಿ ಮುಚ್ಚುವ ತನಕ ಅವಳಿಗೆ ಬಿಡುವಿಲ್ಲ. ಮಗಳು ಅಲ್ಲೇ ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದಳು. ಒಂದನೇ ಕ್ಲಾಸಿನ ಹುಡುಗಿ. ಮನೆಯಲ್ಲಿ ಚೂಟಿ ಅಂತ ಕರೆಯುತ್ತಿದ್ದರು. ಅವಳನ್ನು ಎಬ್ಬಿಸಿಕೊಂಡು, ಬಲಗೈ ಹಿಡಿದು, ಒಳದಾರಿಯಲ್ಲಿ ಮನೆಗೆ ಹೊರಟ.

ಒಳದಾರಿ ಶಾಲೆಯ ಹಿಂದೆ ಹಾಯುತ್ತದೆ. ಅಲ್ಲೊಂದು ಹಳೆಯ ಬಾವಿ. ಮೇಲೆ ಕಬ್ಬಿಣದ ಜಾಲರಿ. ಬಾವಿಯ ಕಟ್ಟೆಗೂ ಶಾಲೆಯ ಗೋಡೆಗೂ ನಡುವೆ ಇಬ್ಬರು ಆರಾಮಾಗಿ, ಮೂವರಾದರೆ ಮೈ ಉಜ್ಜಿಕೊಂಡು ಹೋಗುವಷ್ಟು ಜಾಗ. ಮನಸ್ಸು ಬಂದರೆ ಉರಿಯುವ ಒಂದು ಬೀದಿದೀಪ. ಆ ರಾತ್ರಿ ಅದಕ್ಕೆ ಮನಸ್ಸಿರಲಿಲ್ಲ.

ಕಟ್ಟೆಯ ಹತ್ತಿರ ಬರುತ್ತಲೇ ಮಗಳು ಅವನನ್ನು ಒತ್ತತೊಡಗಿದಳು. ಭುಜದಿಂದ, ಸೊಂಟದಿಂದ. ಕಟ್ಟೆಯ ಕಲ್ಲು ಅವನ ಮೊಣಕೈಗೆ ತಗುಲಿತು.

"ಅಪ್ಪಾ, ಆ ಕಡೆ ಸರಿ."

"ಎಲ್ಲಿಗ್ ಸರೀಲಿ ಮಾರಾಯ್ತಿ? ಆ ಕಡೆ ಬಾವಿ."

"ಸ್ವಲ್ಪ ಸರಿ." ಧ್ವನಿ ತಗ್ಗಿಸಿದಳು. "ಟೀಚರ್‌ಗೆ ಜಾಗ ಇಲ್ಲ."

ಅವನು ತಿರುಗಿ ನೋಡಿದ. ಗೋಡೆಯ ಕಡೆ, ಮಗಳ ಆಚೆ, ಒಬ್ಬರು ನಡೆಯುವಷ್ಟು ಜಾಗ ಖಾಲಿಯಿತ್ತು. ಚೂಟಿಯ ಎಡಗೈ ಭುಜದ ಎತ್ತರಕ್ಕೆ ಎದ್ದಿತ್ತು. ಬೆರಳು ಮಡಿಚಿತ್ತು. ದೊಡ್ಡವರು ಹಿಡಿದುಕೊಂಡು ನಡೆಸುವ ಮಗುವಿನ ಕೈ ಹೇಗೆ ಎದ್ದಿರುತ್ತದೆ... ಹಾಗೆ.

ಗೋಡೆಯ ಕಡೆಯ ಆ ಖಾಲಿ ಜಾಗದಿಂದ ಒಂದು ಸದ್ದು. ಟಿಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ... ಟಿಕ್.

ಒತ್ತಿದರೆ ಮೊನೆ ಹೊರಬರುವ ಬಾಲ್ ಪೆನ್ನಿನ ಸದ್ದು. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಪೆನ್ನಿನವರು ಸತ್ತು ಆಗಲೇ ಒಂದು ವಾರದ ಮೇಲಾಗಿತ್ತು.

ಆ ಟೀಚರ್ ಯಾರು ಅಂತ ಹೇಳಬೇಕು.

ಒಂದನೇ ಕ್ಲಾಸಿನ ಟೀಚರ್. ಒಂಟಿ ಜೀವ. ಅಣ್ಣನೊಬ್ಬ ದೂರದೂರಿನಲ್ಲಿದ್ದ. ಆ ಶಾಲೆಯಲ್ಲಿ ಓದಿದವರೆಲ್ಲ ಅಕ್ಷರ ಕಲಿತದ್ದು ಅವರ ಕೈಯಲ್ಲೇ. ಸಂಜೆ ಗೇಟಿನ ಡ್ಯೂಟಿಯೂ ಅವರದೇ. ಯಾರೂ ಹೊರಿಸಿದ್ದಲ್ಲ, ತಾವೇ ಹಿಡಿದುಕೊಂಡದ್ದು. ಅವರದೊಂದು ಪದ್ಧತಿಯಿತ್ತು. ಮಗುವನ್ನು "ಹೋಗು" ಅಂತ ಬಿಡುತ್ತಿರಲಿಲ್ಲ. ಕರೆದುಕೊಂಡು ಹೋಗಲು ಬಂದವರು ಗಾಡಿ ನಿಲ್ಲಿಸಿ, ಇಳಿದು, ಮೆಟ್ಟಿಲ ಬುಡಕ್ಕೆ ಬರಬೇಕು. ಟೀಚರ್ ತಮ್ಮ ಬಲಗೈಯಲ್ಲಿ ಹಿಡಿದಿದ್ದ ಮಗುವಿನ ಎಡಗೈಯನ್ನು ಅವರ ಕೈಗಿಟ್ಟು "ತಗೊಳ್ಳಿ" ಅನ್ನುತ್ತಿದ್ದರು. ಬಂದವರು "ತಗೊಂಡೆ" ಅನ್ನಬೇಕು. ಬಾಯಿಬಿಟ್ಟು ಅನ್ನಬೇಕು. ಅನ್ನುವ ತನಕ ಬಿಡುತ್ತಿರಲಿಲ್ಲ. ಅಂದಮೇಲೆ ಎಡಗೈಯಲ್ಲಿದ್ದ ಪೆನ್ನನ್ನು ಒಂದು ಸಲ ಟಿಕ್ ಅನ್ನಿಸಿ ಮುಚ್ಚುತ್ತಿದ್ದರು. ಆ ಮಗುವಿನ ಲೆಕ್ಕ ಮುಗಿಯಿತು.

ಅಪ್ಪಂದಿರು ತಮ್ಮತಮ್ಮಲ್ಲಿ ಅವರನ್ನು ರಿಜಿಸ್ಟರ್ ಪೋಸ್ಟ್ ಅಂತ ಕರೆಯುತ್ತಿದ್ದರು. ಬ್ಯಾಂಕಿನ ಗುಮಾಸ್ತನೊಬ್ಬ ಒಮ್ಮೆ ಎದುರಿಗೇ ಅಂದಿದ್ದ:

"ಏನ್ ಟೀಚರ್, ನನ್ನ ಮದುವೇಲೂ ನಾನು ಇಷ್ಟು ಗಟ್ಟಿಯಾಗಿ ಒಪ್ಕೊಂಡಿರ್ಲಿಲ್ಲ."

"ಅದಕ್ಕೇ ನಿಮ್ಮನೆಯವರು ಇನ್ನೂ ನನ್ನ ಹತ್ರ ದೂರು ಹೇಳ್ತಾರೆ. ತಗೊಳ್ಳಿ."

ನನ್ನ ಚಿಕ್ಕಪ್ಪನ ಮಗ ಎಲ್ಲರಿಗಿಂತ ಕೊನೆಗೆ ಬರುವವನು. ಶಾಲೆ ಖಾಲಿಯಾಗಿ, ಆಯಮ್ಮ ವರಾಂಡಾ ಒರೆಸತೊಡಗಿದ ಮೇಲೆ ಅವನ ಸ್ಕೂಟರ್ ತಿರುವಿನಲ್ಲಿ ಕಾಣುತ್ತಿತ್ತು. ಕೊನೆಯ ಮೆಟ್ಟಿಲ ಮೇಲೆ ಟೀಚರ್, ಪಕ್ಕದಲ್ಲಿ ಚೂಟಿ. ಒಂದು ಕೈ ಮಗುವಿನ ಕೈಯಲ್ಲಿ, ಇನ್ನೊಂದರಲ್ಲಿ ಪೆನ್ನು. ಟಿಕ್... ಟಿಕ್... ಕಾಯುವಾಗ ಅವರಿಗೆ ಅದೊಂದು ಚಾಳಿ.

"ಬಂದ್ರಾ? ನಾವಿಬ್ರೂ ಲಿಫ್ಟಲ್ಲಿ ಸಿಕ್ಕಾಕ್ಕೊಂಡಿದ್ರೆ ಯಾವಾಗ್ಲೋ ಬಂದಿರ್ತಿದ್ರಿ," ಅನ್ನುತ್ತಿದ್ದರು. ಸಿಟ್ಟಿಲ್ಲ. ನಗುವೂ ಅಷ್ಟಕ್ಕಷ್ಟೇ.

ಟೀಚರ್ ತೀರಿಕೊಂಡ ದಿನ ಏನಾಯಿತೆಂದರೆ, ಒಬ್ಬ ಅಜ್ಜಿ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದಳು. ಉಬ್ಬಸದವಳು. ಅಜ್ಜಿಯ ಮಗ ಫೋನಿನಲ್ಲಿ ಕಿರುಚುತ್ತಿದ್ದ. ಇವನು ಹೆಲ್ಮೆಟ್ಟಿನೊಳಗೆ ಫೋನ್ ಸಿಕ್ಕಿಸಿಕೊಂಡು, ರಸ್ತೆಯ ಆಚೆಯೇ ಸ್ಕೂಟರ್ ನಿಲ್ಲಿಸಿ, ಎಂಜಿನ್ ಆರಿಸದೆ, ಹಾರ್ನ್ ಹೊಡೆದ. ಟೀಚರ್ ಮಗುವನ್ನು ಹಿಡಿದುಕೊಂಡು ಗೇಟಿನ ತನಕ ಬಂದರು. ಬನ್ನಿ ಅಂತ ತಲೆಯಲ್ಲೇ ಸನ್ನೆ ಮಾಡಿದರು. ಇವನು ಕಿವಿಯ ಕಡೆ ಬೆರಳು ತೋರಿಸಿದ... ಫೋನು, ಅರ್ಜೆಂಟು. ಮತ್ತೆ ಹಾರ್ನ್.

ಚೂಟಿ ಕೈ ಕೊಸರಿಕೊಂಡು ಓಡಿ ಬಂದಳು. ರಸ್ತೆ ಖಾಲಿಯಿತ್ತು. ಏನೂ ಆಗಲಿಲ್ಲ. ಹಿಂದೆ ಹತ್ತಿ ಕೂತಳು.

ಹೊರಡುವಾಗ ಕನ್ನಡಿಯಲ್ಲಿ ನೋಡಿದ. ಟೀಚರ್ ಗೇಟಿನಲ್ಲೇ ನಿಂತಿದ್ದರು. ಬಲಗೈ ಮುಂದಕ್ಕೆ ಚಾಚಿದ ಹಾಗೇ ಇತ್ತು, ಬೆರಳು ಮಡಿಚಿ. ಮಗು ಇನ್ನೂ ಅಲ್ಲೇ ಇರುವ ಹಾಗೆ. ನಾಳೆ ಇಳಿದು ಹೋಗಿ ಸಾರಿ ಕೇಳಿದರಾಯಿತು ಅಂದುಕೊಂಡ.

ಅಜ್ಜಿ ಬದುಕಿದಳು. ಹೊರಗೆ ಬಂದವಳೇ ಇವನ ಗಲ್ಲ ಮುಟ್ಟಿ ಹರಸಿದಳಂತೆ.

ಟೀಚರನ್ನು ನೋಡಿದ್ದು ಆಯಮ್ಮ. ಬೀಗ ಹಾಕಲು ಬಂದಾಗ ಕೊನೆಯ ಮೆಟ್ಟಿಲ ಮೇಲೆ ಕೂತಿದ್ದರು. "ಟೀಚರ್, ಗೇಟ್ ಹಾಕ್ಲಾ?" ಅಂದಳು. ಪೆನ್ನು ಮಡಿಲಿನಲ್ಲಿತ್ತು, ಮೊನೆ ಹೊರಗೇ ಇತ್ತು. ಬಲಗೈ ಮಂಡಿಯ ಮೇಲೆ, ಅಂಗೈ ಮೇಲಾಗಿ. ಎದೆಬಡಿತ ನಿಂತುಹೋಗಿದೆ ಅಂತ ಆಸ್ಪತ್ರೆಯಲ್ಲಿ ಹೇಳಿದರು. ಅಣ್ಣ ಬರಲು ಮರುದಿನ ಸಂಜೆಯಾಯಿತು. ಅಲ್ಲಿಯವರೆಗೆ ಮೇಷ್ಟ್ರುಗಳು, ಟೀಚರುಗಳು ಎಲ್ಲರೂ ಆಸ್ಪತ್ರೆಯ ಬೆಂಚಿನಲ್ಲಿ ಕೂತೇ ಇದ್ದರು. ಶವಾಗಾರದ ಆಳು ಆಗಾಗ ಹೊರಗೆ ಬಂದು ಕೇಳುತ್ತಿದ್ದ. "ಇವರನ್ನ ತಗೊಂಡ್ ಹೋಗೋರು ಬಂದ್ರಾ?"

"ಇಲ್ಲ," ಅನ್ನುತ್ತಿದ್ದರು. "ಇನ್ನೂ ಬಂದಿಲ್ಲ."

ಆಮೇಲೆ ಶಾಲೆ ನಡೆಯಿತು. ನಡೆಯಿತು ಅನ್ನಬೇಕು, ಅಷ್ಟೇ. ಒಂದನೇ ಕ್ಲಾಸಿನ ಬೋರ್ಡಿನ ಮೇಲೆ ಅವರು ಬರೆದ ತಾರೀಖು ಹಾಗೇ ಇತ್ತು. ಅಳಿಸಲು ಯಾರಿಗೂ ಕೈ ಬರಲಿಲ್ಲ. ಆ ಮಕ್ಕಳನ್ನು ವರಾಂಡಾದಲ್ಲಿ ಕೂರಿಸಿ ಪಾಠ ಮಾಡಿದರು. ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿಯ ಬೆನ್ನಿಗೆ ಹಾಕಿದ ಸ್ವೆಟರನ್ನು ಯಾರೂ ತೆಗೆಯಲಿಲ್ಲ. ಚಾಕ್‌ಪೀಸಿಗಾಗಿ ಅವರೊಡನೆ ದಿನಾ ಜಗಳ ಆಡುತ್ತಿದ್ದ ಗಣಿತದ ಮೇಷ್ಟ್ರು ಒಂದು ತುಂಬಿದ ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟು ಹೊರಗೆ ಹೋಗಿ ನಿಂತರು. ದೊಡ್ಡ ಕ್ಲಾಸಿನ ಹುಡುಗರು, ಮೀಸೆ ಚಿಗುರಿದವರು, ಕೊನೆಯ ಮೆಟ್ಟಿಲನ್ನು ತುಳಿಯದೆ ದಾಟುತ್ತಿದ್ದರು.

ಸಂತಾಪ ಸಭೆಗೆ ಮೊದಲು ಹೆಡ್‌ಮಾಸ್ಟರ್ ಇವನನ್ನು ಪಕ್ಕಕ್ಕೆ ಕರೆದರು. ಅತ್ತು ಅತ್ತು ಮುಖ ಊದಿಕೊಂಡಿತ್ತು.

"ಕೊನೇ ಮಗು ನಿಮ್ದೇ ಅಲ್ವಾ?"

"ಹೌದು ಸರ್."

"ಆಗ ಹೇಗಿದ್ರು? ಏನಾದ್ರೂ... ನೋವು ಗೀವು ಅಂದ್ರಾ?"

ಸುತ್ತ ಟೀಚರುಗಳು ನಿಂತಿದ್ದರು. ಬ್ಯಾಂಕಿನ ಗುಮಾಸ್ತನೂ ಇದ್ದ. ಎಲ್ಲರೂ ಇವನ ಬಾಯಿಯನ್ನೇ ನೋಡುತ್ತಿದ್ದರು. ಚೂಟಿ ಇವನ ಕಾಲಿಗೆ ಅಂಟಿಕೊಂಡಿದ್ದಳು.

"ಚೆನ್ನಾಗೇ ಇದ್ರು," ಅಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಕೈಗೆ ಕೊಟ್ರು. ತಗೊಂಡೆ."

ಹೆಡ್‌ಮಾಸ್ಟರ್ ಇವನ ಎರಡೂ ಕೈ ಹಿಡಿದುಕೊಂಡರು. ಸಭೆಯಲ್ಲಿ ಮೈಕಿನ ಮುಂದೆ ಅದನ್ನೇ ಹೇಳಿದರು. ಕೊನೆಯ ಮಗುವನ್ನೂ ಕೈಗೆ ಒಪ್ಪಿಸಿ, 'ತಗೊಂಡೆ' ಅನ್ನುವ ಮಾತು ಕೇಳಿಸಿಕೊಂಡು, ತಮ್ಮ ಕೆಲಸ ಪೂರ್ತಿ ಮುಗಿಸಿ ಅವರು ಕಣ್ಣು ಮುಚ್ಚಿದರು ಅಂತ. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಎಲ್ಲರಿಗೂ ಒಟ್ಟಿಗೆ ಬಂತು. ಅತ್ತು ಹಗುರಾದರು. ಮಕ್ಕಳು ಮನೆಗೆ ಹೋಗಿ ಅದನ್ನೇ ಹೇಳಿದರು. ಆ ಮಾತು ಬೀದಿ ಬೀದಿಗೆ ಹಬ್ಬಿತು.

ಮನೆಗೆ ಬರುವಾಗ ಸ್ಕೂಟರಿನ ಹಿಂದಿನಿಂದ ಚೂಟಿ ಅವನ ಬೆನ್ನಿಗೆ ಹೇಳಿದಳು.

"ಅಪ್ಪಾ, ಟೀಚರ್ ಕೊಟ್ಟಿಲ್ಲ."

ಇವನು ಕೇಳಿಸದವನ ಹಾಗೆ ಗಾಡಿಯ ವೇಗ ಹೆಚ್ಚಿಸಿದ.

ಆವತ್ತಿನಿಂದ ಆ ಎಡಗೈ.

ಮೊದಲಿಗೆ ಯಾರೂ ಗಮನಿಸಲಿಲ್ಲ. ಮಗು ಒಂದೇ ಕೈಯಲ್ಲಿ ಊಟ ಮಾಡುತ್ತಿತ್ತು, ಒಂದೇ ಕೈಯಲ್ಲಿ ಶೂ ಹಾಕಿಕೊಳ್ಳಲು ಒದ್ದಾಡುತ್ತಿತ್ತು. ಎಡಗೈಗೆ ನೀರಿನ ಬಾಟಲಿ ಕೊಟ್ಟರೆ ಠಪ್ ಅಂತ ಬೀಳುತ್ತಿತ್ತು. ಮಲಗಿದಾಗ ಆ ಕೈ ಮಂಚದ ಅಂಚಿನಿಂದಾಚೆ ಚಾಚಿರುತ್ತಿತ್ತು. ಒಳಗೆ ಇಟ್ಟರೆ ಮತ್ತೆ ಹೊರಗೆ. ಮುಟ್ಟಿದರೆ ತಣ್ಣಗೆ. ಡಾಕ್ಟರು ಮಡಿಚಿ, ಚಾಚಿ, ಸುತ್ತಿಗೆಯಿಂದ ತಟ್ಟಿ ನೋಡಿದರು. ಏನೂ ಇಲ್ಲ, ಟೀಚರ್ ಹೋದ ಆಘಾತ, ತಾನಾಗಿ ಸರಿಹೋಗುತ್ತದೆ ಅಂದರು.

"ಯಾಕ್ ಪುಟ್ಟಾ ಕೈ ಬಿಗಿ ಹಿಡ್ದಿದೀಯ?" ಅಂದರೆ ಚೂಟಿ, "ನಾನಲ್ಲ," ಅನ್ನುತ್ತಿದ್ದಳು.

ಬಾವಿಯ ಪಕ್ಕ ನಡೆದದ್ದು ಆ ದಿನಗಳಲ್ಲೇ. ಅದನ್ನು ಇವನು ಹೆಂಡತಿಗೆ ಹೇಳಲಿಲ್ಲ. ಹೇಳದಿದ್ದರೂ ಆಗಬೇಕಾದ್ದು ಆಯಿತು. ಭಾನುವಾರ ಹೆಂಡತಿ ಮಗಳನ್ನು ಕಿಟಕಿಯ ಹತ್ತಿರ ಕೂರಿಸಿಕೊಂಡು ಉಗುರು ಕತ್ತರಿಸುತ್ತಿದ್ದಳು. ಕಟ್... ಕಟ್... ಬಲಗೈ ಮುಗಿಯಿತು. ಎಡಗೈ ಹಿಡಿದುಕೊಂಡಳು. ಸದ್ದು ನಿಂತಿತು.

"ರೀ, ಇಲ್ಲಿ ಬನ್ನಿ."

ಹೋಗಿ ನೋಡಿದ. ಬಲಗೈಯ ಉಗುರು ನೆಲದ ಮೇಲೆ ಬಿದ್ದಿತ್ತು, ಉದ್ದುದ್ದ, ಕೊಳೆ ಹಿಡಿದು. ಎಡಗೈಯ ಉಗುರು ಮಾತ್ರ ಹಿಂದಿನ ಸಲ ಅವಳು ಕತ್ತರಿಸಿದ ಹಾಗೇ, ಮಟ್ಟಸವಾಗಿ, ಒಂದು ಕೂದಲೆಳೆಯಷ್ಟೂ ಬೆಳೆಯದೆ ನಿಂತಿತ್ತು.

ಹೆಂಡತಿ ಔಷಧಿ ಅಂಗಡಿಯವಳು. ಕಾಯಿಲೆ ಕಸಾಲೆಗಳನ್ನು ದಿನಾ ನೋಡುವವಳು. ಅಷ್ಟು ಸುಲಭಕ್ಕೆ ಹೆದರುವ ಪೈಕಿಯಲ್ಲ. ಕತ್ತರಿ ಕೆಳಗಿಟ್ಟು ಮೆಲ್ಲಗೆ ಕೇಳಿದಳು.

"ಅವತ್ತು ನೀವು ಗಾಡಿ ಇಳಿದು ಹೋದ್ರಾ?"

"ಹೋದೆ ಅಂತ ಹೇಳಿದ್ನಲ್ಲ."

"ಎಲ್ಲರ ಮುಂದೆ ಹೇಳಿದ್ದು ಗೊತ್ತು. ನನಗೆ ಹೇಳಿ."

ಚೂಟಿ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಇವನು ಎದ್ದು ಅಂಗಿ ಹಾಕಿಕೊಂಡು ಕೆಲಸಕ್ಕೆ ಹೋದ. ಭಾನುವಾರ ಅವನಿಗೆ ಕೆಲಸವಿರಲಿಲ್ಲ. ಹಾಗೆಂದು ಅವಳಿಗೂ ಗೊತ್ತಿತ್ತು.

ಮರುದಿನ ಒಂದು ಕಟ್ಟಡದಲ್ಲಿ ಲಿಫ್ಟಿನ ಡಬ್ಬಿಯ ತಲೆಯ ಮೇಲೆ ನಿಂತು ತಂತಿಹಗ್ಗಕ್ಕೆ ಗ್ರೀಸ್ ಹಚ್ಚುತ್ತಿದ್ದ. ಮೇಲೆ ಕತ್ತಲೆ, ಕೆಳಗೆ ಕತ್ತಲೆ, ತಲೆಗೆ ಕಟ್ಟಿಕೊಂಡ ಟಾರ್ಚಿನ ಬೆಳಕಷ್ಟೇ. ಟಿಕ್. ಮೋಟಾರ್ ಕೋಣೆಯಲ್ಲಿ ಕರೆಂಟಿನ ರಿಲೇ ಸ್ವಿಚ್ಚು ಬಡಿಯಿತು ಅಂದುಕೊಂಡ. ರಿಲೇ ಹಾಗೇ ಬಡಿಯುತ್ತದೆ. ಟಿಕ್... ಟಿಕ್... ಆಮೇಲೆ ನೆನಪಾಯಿತು. ಕರೆಂಟನ್ನು ತಾನೇ ತೆಗೆದು, ಫ್ಯೂಸನ್ನು ಜೇಬಿನಲ್ಲಿ ಹಾಕಿಕೊಂಡು ಬಂದಿದ್ದ. ಜೇಬು ಮುಟ್ಟಿ ನೋಡಿದ. ಇತ್ತು. ಸದ್ದು ಮೇಲಿನಿಂದಲೂ ಬರುತ್ತಿರಲಿಲ್ಲ, ಕೆಳಗಿನಿಂದಲೂ ಅಲ್ಲ. ಪಕ್ಕದಲ್ಲೇ. ಅವನು ನಿಂತ ಎತ್ತರದಲ್ಲೇ. ಕಾಯುವವರು ಪೆನ್ನು ಒತ್ತುವ ಹಾಗೆ... ಆತುರವಿಲ್ಲದೆ.

ಅಲ್ಲಿಂದ ನೆಟ್ಟಗೆ ಹೆಡ್‌ಮಾಸ್ಟರ ಕೋಣೆಗೆ ಹೋದ. ಕೈಗೆ ಮೆತ್ತಿದ ಗ್ರೀಸನ್ನೂ ಒರೆಸಿರಲಿಲ್ಲ. ಎಲ್ಲವನ್ನೂ ಹೇಳಿದ. ಇಳಿಯಲಿಲ್ಲ ಅಂತ, ತಗೊಳ್ಳಲಿಲ್ಲ ಅಂತ. ಮಗಳ ಕೈಯ ಬಗ್ಗೆ ಹೇಳಿದ. ನಾಳೆ ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮುಂದೆ ನಿಂತು ನಿಜ ಹೇಳಿಬಿಡುತ್ತೇನೆ ಸರ್ ಅಂದ.

ಹೆಡ್‌ಮಾಸ್ಟರ್ ಎದ್ದು ಬಾಗಿಲು ಹಾಕಿ ಬಂದರು.

"ಬೇಡ."

"ಸರ್..."

"ಆ ಮಾತು ಹಿಡ್ಕೊಂಡು ಮಕ್ಕಳು ನಿದ್ದೆ ಮಾಡ್ತಿದಾರೆ. ಮೊನ್ನೆ ಒಬ್ಬ ಹುಡುಗ ಕೇಳ್ದ, ಟೀಚರ್‌ಗೆ ಭಯ ಆಗಿರ್ಲಿಲ್ವಾ ಸರ್ ಅಂತ. ಇಲ್ಲಪ್ಪ, ಎಲ್ಲಾ ಮಕ್ಕಳನ್ನೂ ಕಳಿಸಿ ಆಗಿತ್ತು, ಅಂದೆ. ಸರಿ ಅಂತ ಆಡೋಕ್ ಹೋದ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನಗೂ ಬೇರೆ ಏನಿದೆ ಹೇಳಿ. ಅದನ್ನ ಕಿತ್ಕೋಬೇಡಿ."

"ನನ್ನ ಮಗಳ ಕೈ, ಸರ್?"

"ಅದು ಏಟು ತಿಂದ ಮನಸ್ಸು. ಸರಿಹೋಗುತ್ತೆ."

ಹೊರಗೆ ಆಯಮ್ಮ ಬಕೆಟ್ ಹಿಡಿದು ನಿಂತಿದ್ದಳು. ಬಾಗಿಲಿಗೆ ಕಿವಿಯಿಟ್ಟಿದ್ದಳೋ ಏನೋ, ಅವಳಿಗೇ ಗೊತ್ತು. ಇವನ ಜೊತೆ ಗೇಟಿನ ತನಕ ಬಂದಳು.

"ನಾನ್ ನೋಡ್ದೆ ಕಣಪ್ಪಾ."

"ಏನ್ ನೋಡ್ದೆ?"

"ಅವತ್ತು ವರಾಂಡಾ ಒರೆಸ್ತಿದ್ದೆ. ನೀನು ಇಳೀಲಿಲ್ಲ."

"ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?"

"ಹೇಳಿದ್ರೆ ಅವರು ಎದ್ದು ಬರ್ತಿದ್ರಾ?" ಬಕೆಟ್ ಕೆಳಗಿಟ್ಟಳು. "ಈಗ ನೋಡಿದ್ರೆ ಎದ್ದೇ ಬಂದಿದಾರೆ. ಸಂಜೆ ಎಲ್ಲರೂ ಹೋದ್ಮೇಲೆ ಆ ಮೆಟ್ಲು ಒರೆಸೋಕಾಗಲ್ಲ ನಂಗೆ. ಒರೆಸಿದ್ ಕಡೆ ಎಲ್ಲಾ ಒಣಗುತ್ತೆ. ಒಬ್ರು ಕೂರೋಷ್ಟು ಜಾಗ ಮಾತ್ರ ಒಣಗಲ್ಲ." ಸೆರಗಿನಿಂದ ಬಾಯಿ ಒರೆಸಿಕೊಂಡು ಪಿಸುಗುಟ್ಟಿದಳು. "ರಾತ್ರಿ ಮಗೂನ ಕರ್ಕೊಂಡ್ ಬಾ. ಗೇಟ್ ತೆಗ್ದಿರ್ತೀನಿ. ಗಾಡಿ ತರ್ಬೇಡ. ನಡ್ಕೊಂಡ್ ಬಾ."

ಆ ರಾತ್ರಿ ಹೆಂಡತಿಗೆ ಎಲ್ಲ ಹೇಳಿದ. ಅವಳು ಬೈಯಲಿಲ್ಲ, ಅಳಲಿಲ್ಲ. ಮಗಳಿಗೆ ಸ್ವೆಟರ್ ಹಾಕಿ, ಬಟನ್ ಹಾಕಿ ಕಳಿಸಿದಳು. ಬಾಗಿಲಲ್ಲಿ ಒಂದೇ ಮಾತು ಅಂದಳು.

"ತಗೊಂಡೇ ಬನ್ನಿ."

ಶಾಲೆಯ ವರಾಂಡಾದಲ್ಲಿ ಒಂದು ಬಲ್ಬು ಉರಿಯುತ್ತಿತ್ತು. ಆಯಮ್ಮ ಕಂಬಕ್ಕೆ ಒರಗಿ, ಮುಖ ಆ ಕಡೆ ಮಾಡಿ ನಿಂತಿದ್ದಳು. ಗೇಟು ದಾಟುತ್ತಲೇ ಚೂಟಿ ಅವನ ಕೈ ಬಿಡಿಸಿಕೊಂಡು ಓಡಿಹೋಗಿ ಕೊನೆಯ ಮೆಟ್ಟಿಲ ಮೇಲೆ ನಿಂತಳು. ದಿನಾ ಸಂಜೆ ನಿಲ್ಲುತ್ತಿದ್ದ ಜಾಗದಲ್ಲೇ. ಎಡಗೈ ಮೇಲೆದ್ದಿತ್ತು. ಮುಖದಲ್ಲಿ ಹೆದರಿಕೆ ಏನೂ ಇಲ್ಲ. ಅದೇ ಇವನಿಗೆ ತಡೆಯಲಾಗಲಿಲ್ಲ.

ಟಿಕ್...

ಹತ್ತಿರ ಹೋಗಿ ಮೆಟ್ಟಿಲ ಬುಡದಲ್ಲಿ ನಿಂತ. ಯಾರೂ ಕಾಣಲಿಲ್ಲ. ಗೋಡೆ, ಬಲ್ಬು, ಒದ್ದೆಯ ಮೆಟ್ಟಿಲು. ಚಾಕ್‌ಪೀಸಿನ ಪುಡಿಯ ವಾಸನೆ ಮಾತ್ರ, ಈಗಷ್ಟೇ ಯಾರೋ ಡಸ್ಟರ್ ಕೊಡವಿದ ಹಾಗೆ.

ಟಿಕ್...

"ಟೀಚರ್," ಅಂದ. "ಲೇಟಾಯ್ತು."

ಪೆನ್ನಿನ ಸದ್ದು ನಿಂತಿತು.

"ಅವತ್ತು ಇಳಿದು ಬರ್ಬೇಕಿತ್ತು. ಬರ್ಲಿಲ್ಲ. ಸುಳ್ಳು ಹೇಳ್ದೆ. ಈಗ ಬಂದಿದೀನಿ. ನನ್ನ ಮಗಳನ್ನ ಕೊಡಿ ಟೀಚರ್."

ಬಲ್ಬು ಆರಿತು. ಕರೆಂಟು ಹೋದ ಹಾಗಲ್ಲ. ಆಚೆ ಬೀದಿಯ ಮನೆಗಳಲ್ಲಿ ಬೆಳಕು ಹಾಗೇ ಇತ್ತು. ಇಲ್ಲಿ ಮಾತ್ರ ಕತ್ತಲೆ. ಆಯಮ್ಮ ಜೋರಾಗಿ ಉಸಿರಾಡುವುದು ಕೇಳಿಸುತ್ತಿತ್ತು. ಆ ಕತ್ತಲೆಯಲ್ಲಿ, ಮಗಳ ಎತ್ತರದಿಂದ, ಮಗಳದೇ ಧ್ವನಿ... ಆದರೆ ದಿನಾ "ಅಪ್ಪಾ ತಗೋ" ಅನ್ನುವ ಹುಡುಗಿ ಆಗ "ತಗೊಳ್ಳಿ" ಅಂದಳು.

ಇವನು ಬಲಗೈ ಚಾಚಿದ.

ಕೈಯೊಂದು ಬಂದು ಅವನ ಕೈಯಲ್ಲಿ ಕೂತಿತು. ತಣ್ಣಗೆ, ಒಣಗಿ, ಬೆರಳ ತುದಿಯೆಲ್ಲ ಪುಡಿಪುಡಿ. ಅವನು ಮುಷ್ಟಿ ಬಿಗಿದ. ಇನ್ನು ಏನಾದರೂ ಬಿಡುವುದಿಲ್ಲ ಅನ್ನುವ ಹಾಗೆ. ಗಟ್ಟಿಯಾಗಿ, ಗೇಟಿನಾಚೆಗೂ ಕೇಳುವ ಹಾಗೆ ಹೇಳಿದ.

"ತಗೊಂಡೆ."

ಟಿಕ್. ಒಂದೇ ಸಲ. ಮುಚ್ಚುವ ಸದ್ದು.

ಆಗ ಹಿಂದಿನಿಂದ, ಎಡಗಡೆಯಿಂದ, ಯಾರೋ ಅವನ ಅಂಗಿಯ ತುದಿ ಜಗ್ಗಿದರು.

"ಅಪ್ಪಾ," ಅಂದಳು ಚೂಟಿ. "ನನ್ನ ಬಿಟ್ರು."

ಅವನು ತಿರುಗಿ ನೋಡಿದ. ಗೇಟಿನಾಚೆಯ ಬೆಳಕಿನಲ್ಲಿ ಮಗಳು ಕಂಡಳು. ಅಂಗಿಯನ್ನು ಹಿಡಿದಿದ್ದದ್ದು ಅವಳ ಎಡಗೈ. ಬಲಗೈ ಸ್ವೆಟರಿನ ಜೇಬಿನಲ್ಲಿತ್ತು.

ಅವನ ಬಲಮುಷ್ಟಿ ಇನ್ನೂ ತುಂಬಿತ್ತು.

ಬಲ್ಬು ಹತ್ತಿತು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಒದ್ದೆಯಾಗಿದ್ದ ಆ ಜಾಗ ಒಣಗಿತ್ತು.

"ಆಯ್ತಾ?" ಅಂದಳು ಆಯಮ್ಮ, ಈ ಕಡೆ ತಿರುಗದೆ.

"ಆಯ್ತು."

"ಹಂಗಾದ್ರೆ ಗೇಟ್ ಹಾಕ್ಲಾ?"

ಅವನು ಒಂದು ಕ್ಷಣ ತಡೆದ. ಬಲಗಡೆ ನೋಡಿದ. ನಾಲ್ಕು ಹೆಜ್ಜೆ ನಡೆದು ಗೇಟು ದಾಟಿ, ಅಲ್ಲಿ ಮತ್ತೆ ನಿಂತು, ಯಾರೋ ಹಿಂದೆ ಬರುವುದನ್ನು ಕಾಯುವವನ ಹಾಗೆ ಕಾದು, ಆಮೇಲೆ ಹೇಳಿದ.

"ಈಗ ಹಾಕು."

ಮನೆಯ ಬಾಗಿಲು ತೆರೆದೇ ಇತ್ತು. ಚೂಟಿ ಒಳಗೆ ಓಡಿ ಎರಡೂ ಕೈಯಿಂದ ಅಮ್ಮನ ಸೊಂಟ ತಬ್ಬಿದಳು. ಹೆಂಡತಿ ಮಗಳ ಎಡಗೈ ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತಳು. ಆಮೇಲೆ ತಲೆಯೆತ್ತಿ ನೋಡಿದರೆ ಗಂಡ ಇನ್ನೂ ಹೊಸ್ತಿಲಾಚೆಯೇ ಇದ್ದ.

"ಬನ್ರೀ ಒಳಗೆ. ಯಾಕೆ ನಿಂತ್ಕೊಂಡ್ರಿ?"

ಅವನು ಪಕ್ಕಕ್ಕೆ ಸರಿದು ಮೊದಲು ದಾರಿ ಬಿಟ್ಟ. ಆಮೇಲೆ ಬಂದ.

ಅಷ್ಟೇ. ಚೂಟಿ ಈಗ ದೊಡ್ಡವಳು. ಅವಳಿಗೆ ಹೆಚ್ಚೇನೂ ನೆನಪಿಲ್ಲ. ಕೇಳಿದರೆ, "ಟೀಚರ್ ಕೈ ತುಂಬಾ ತಣ್ಣಗಿತ್ತು ದೊಡ್ಡಪ್ಪ, ಅಷ್ಟೇ," ಅನ್ನುತ್ತಾಳೆ. ಶಾಲೆಯಲ್ಲಿ ಹೆಡ್‌ಮಾಸ್ಟರ್ ಆ ಕೊನೆಯ ಮಗುವಿನ ಮಾತನ್ನು ಗೋಡೆಯ ಮೇಲೆ ಬರೆಸಿದ್ದಾರೆ, ಟೀಚರ ಫೋಟೋದ ಕೆಳಗೆ. ಇವನು ಅದರ ಮುಂದೆ ಹಾಯುವಾಗ ತಲೆ ತಗ್ಗಿಸುತ್ತಾನೆ. ಕೆಲಸದ ಹೊತ್ತಿನಲ್ಲಿ ಈಗ ಎಡಗೈಯಲ್ಲೇ ಸ್ಪ್ಯಾನರ್ ಹಿಡಿಯುತ್ತಾನೆ. ಜೊತೆಯವರು ತಮಾಷೆ ಮಾಡಿದರೆ ನಗುತ್ತಾನೆ. ಹೆಂಡತಿ ಭಾನುವಾರ ಉಗುರು ಕತ್ತರಿಸಲು ಕೂತರೆ ಒಂದೇ ಕೈ ಕೊಡುತ್ತಾನೆ. ಇನ್ನೊಂದನ್ನು ಅವಳು ಕೇಳುವುದಿಲ್ಲ.

ನೀವು ನಂಬಬೇಕಂತಿಲ್ಲ. ನಾನೂ ನಂಬಿರಲಿಲ್ಲ. ಹೋದ ತಿಂಗಳು ಅವರ ಮನೆಗೆ ಹೋಗಿದ್ದಾಗ ರಾತ್ರಿ ಬಸ್ ಸ್ಟಾಪಿನ ತನಕ ಬಿಡುತ್ತೇನೆ ಅಂತ ಜೊತೆಗೆ ಬಂದ. ಒಳದಾರಿ ಹಿಡಿದೆವು. ನಾವಿಬ್ಬರೇ. ನಾನು ಅವನ ಎಡಕ್ಕಿದ್ದೆ. ಏನೇನೋ ಮಾತಾಡುತ್ತಿದ್ದೆವು, ಪೆಟ್ರೋಲ್ ಬೆಲೆ, ಮಗಳ ಕಾಲೇಜು. ನಡೆಯುವಾಗ ಅವನ ಎಡಗೈ ಆಡುತ್ತಿತ್ತು. ಬಲಗೈ ಆಡುತ್ತಿರಲಿಲ್ಲ.

ಬಾವಿಯ ಕಟ್ಟೆ ಬಂತು. ಇಬ್ಬರು ಆರಾಮಾಗಿ ಹೋಗುವ ದಾರಿ. ಅವನು ಭುಜದಿಂದ ನನ್ನನ್ನು ಮೆಲ್ಲಗೆ ಒತ್ತಿದ.

"ಸ್ವಲ್ಪ ಆ ಕಡೆ ಸರಿ," ಅಂದ.

ಯಾಕೆ ಅಂತ ನಾನು ಕೇಳಲಿಲ್ಲ. ಸರಿದೆ.

ಬೇಕಾದರೆ ಇಲ್ಲಿ ನೋಡಿ, ಈ ತೋಳು. ಅವತ್ತು ಹಾಕಿದ್ದು ಇದೇ ಅಂಗಿ. ಕಟ್ಟೆಯ ಕಲ್ಲು ಉಜ್ಜಿ ಹರಿದದ್ದು, ಇನ್ನೂ ಹೊಲಿಸಿಲ್ಲ.